ಟ್ಯಾನ್ ಒಂದು ಕೋನ ಕೊಡುತ್ತದೆ, ಡಾಟ್ ಪ್ರಾಡಕ್ಟ್ ಇನ್ನೊಂದು: ಎರಡು ಸದಿಶಗಳ ನಡುವೆ ಯಾವುದು ಸರಿ?

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿಜ್ಞಾನ ವಿದ್ಯಾರ್ಥಿನಿ. (4, 3) ಮತ್ತು (−5, 12) ಎಂಬ ಎರಡು ಸದಿಶಗಳ ನಡುವಿನ ಕೋನವನ್ನು ಎರಡು ದಾರಿಯಲ್ಲಿ ಲೆಕ್ಕ ಹಾಕಿದೆ. ಮೊದಲು ಒಂದೊಂದರ ದಿಕ್ಕನ್ನೂ ಟ್ಯಾನ್ ಇನ್ವರ್ಸ್‌ನಿಂದ ತೆಗೆದೆ: 36.87° ಮತ್ತು −67.38°. ಅವುಗಳ ವ್ಯತ್ಯಾಸ 104.25°. ಆಮೇಲೆ ಡಾಟ್ ಪ್ರಾಡಕ್ಟ್ ಸೂತ್ರ (ಘಟಕಗಳನ್ನು ಗುಣಿಸಿ ಕೂಡಿಸಿ, ಉದ್ದಗಳಿಂದ ಭಾಗಿಸಿದರೆ ಕೋನದ ಕಾಸ್ ಸಿಗುವ ಸೂತ್ರ) ಹಾಕಿದರೆ 75.75° ಬಂತು. ಯಾವುದು ಸರಿ, ಏಕೆ? ಸೂತ್ರದಲ್ಲಿ ಕಾಸ್ ಎಲ್ಲಿಂದ ಬಂತು, ಸೈನ್ ಯಾಕೆ ಆಗಬಾರದು? ಮೂರು ಆಯಾಮದಲ್ಲಿ ಚಿತ್ರವನ್ನೇ ಬರೆಯಲಾಗದಿದ್ದಾಗ ಇದನ್ನು ನಂಬುವುದು ಹೇಗೆ?

ಉತ್ತರ: ಸರಿಯಾದದ್ದು 75.75°. ಆದರೆ ನಿಮ್ಮ 104.25° ಎಲ್ಲಿಂದಲೋ ಬಂದ ಸಂಖ್ಯೆಯಲ್ಲ. ಎರಡನ್ನೂ ಕೂಡಿಸಿ ನೋಡಿ, ಕರಾರುವಾಕ್ಕಾಗಿ 180° ಆಗುತ್ತದೆ. ತಪ್ಪು ಎಲ್ಲಿದೆ ಎಂಬುದರ ಸುಳಿವು ಅಲ್ಲೇ ಸಿಕ್ಕಿತು.

ಒಂದು ಗ್ರಾಫ್ ಹಾಳೆ ತೆಗೆದುಕೊಂಡು ಎರಡೂ ಬಾಣಗಳನ್ನು ಮೂಲಬಿಂದುವಿನಿಂದ ಎಳೆಯಿರಿ. (4, 3) ಬಲಕ್ಕೆ, ಮೇಲಕ್ಕೆ ಹೋಗುತ್ತದೆ. (−5, 12) ಎಡಕ್ಕೆ ಸ್ವಲ್ಪ ವಾಲಿ ಬಹಳ ಮೇಲಕ್ಕೆ ಹೋಗುತ್ತದೆ. ಆದರೆ ನಿಮ್ಮ ಕ್ಯಾಲ್ಕುಲೇಟರ್ ಎರಡನೆಯದಕ್ಕೆ −67.38° ಎಂದಿತು. ಅಂದರೆ ಬಲಕ್ಕೆ, ಕೆಳಕ್ಕೆ. ಬಾಣ ಇರುವ ದಿಕ್ಕಿಗೆ ಅದು ನೇರ ವಿರುದ್ಧ. ಹೀಗೇಕಾಯಿತೆಂದರೆ, ಟ್ಯಾನ್ ಇನ್ವರ್ಸ್‌ಗೆ ನೀವು ಕೊಟ್ಟದ್ದು ಸದಿಶವನ್ನಲ್ಲ, 12 ಭಾಗಿಸು −5 ಎಂಬ ಒಂದೇ ಒಂದು ಸಂಖ್ಯೆಯನ್ನು: −2.4. (5, −12) ಎಂಬ ಸದಿಶದ ಅನುಪಾತವೂ −2.4 ತಾನೆ? ಭಾಗಿಸಿದ ಗಳಿಗೆಯಲ್ಲೇ ಋಣ ಚಿಹ್ನೆ ಮೇಲಿನ ಸಂಖ್ಯೆಯದೋ ಕೆಳಗಿನದೋ ಎಂಬ ಮಾಹಿತಿ ಅಳಿಸಿಹೋಗುತ್ತದೆ. ಕ್ಯಾಲ್ಕುಲೇಟರಿಗೆ ಊಹಿಸಲು ದಾರಿಯಿಲ್ಲ. ಅದು ಯಾವಾಗಲೂ −90° ಮತ್ತು 90° ನಡುವಿನ ಉತ್ತರವನ್ನೇ, ಅಂದರೆ ಬಲಭಾಗದ ದಿಕ್ಕನ್ನೇ ಕೊಡುತ್ತದೆ.

ಆದ್ದರಿಂದ ಮೊದಲನೇ ಘಟಕ ಋಣವಾಗಿದ್ದರೆ ಟ್ಯಾನ್ ಇನ್ವರ್ಸ್ ಕೊಟ್ಟ ಉತ್ತರಕ್ಕೆ 180° ಸೇರಿಸಬೇಕು. −67.38° ಆಗ 112.62° ಆಗುತ್ತದೆ. ಅದರಿಂದ 36.87° ಕಳೆಯಿರಿ: 75.75°. ಎರಡೂ ದಾರಿ ಒಂದೇ ಊರಿಗೆ ಬಂದವು. ಇನ್ನೊಂದು ಎಚ್ಚರ ಬೇಕು. ದಿಕ್ಕುಗಳ ವ್ಯತ್ಯಾಸ 180° ದಾಟಿದರೆ ಅದನ್ನು 360°ಯಿಂದ ಕಳೆಯಬೇಕು. ಒಂದು ಬಾಣ 170°ಯಲ್ಲೂ ಇನ್ನೊಂದು −170°ಯಲ್ಲೂ ಇದ್ದರೆ ವ್ಯತ್ಯಾಸ 340° ಎಂದು ಬರುತ್ತದೆ, ಆದರೆ ಅವು ಪಕ್ಕಪಕ್ಕದಲ್ಲೇ ಇವೆ, ನಡುವೆ ಇರುವುದು 20° ಮಾತ್ರ. ಎರಡು ಸದಿಶಗಳ ನಡುವಿನ ಕೋನ ಎಂದರೆ ಯಾವಾಗಲೂ 0°ಯಿಂದ 180°ವರೆಗಿನದು.

ಹಾಗಾದರೆ 104.25° ಏನು? ಆ ಎರಡು ಬಾಣಗಳನ್ನು ಎರಡೂ ಕಡೆಗೆ ಬೆಳೆಸಿ ಪೂರ್ತಿ ಗೆರೆಗಳನ್ನಾಗಿ ಮಾಡಿದರೆ, ಅವು ಅಡ್ಡ ಹಾಯುವಲ್ಲಿ ನಾಲ್ಕು ಕೋನ ಉಂಟಾಗುತ್ತವೆ: ಎರಡು 75.75°, ಎರಡು 104.25°. ಟ್ಯಾನ್‌ಗೆ ಗೆರೆ ಮಾತ್ರ ಗೊತ್ತು, ಬಾಣದ ತುದಿ ಗೊತ್ತಿಲ್ಲ. ನೀವು ಕಂಡುಹಿಡಿದದ್ದು ಗೆರೆಗಳ ನಡುವಿನ ಒಂದು ಕೋನ. ಪಠ್ಯದಲ್ಲಿ ಮುಂದೆ ಮೂರು ಆಯಾಮದ ಸರಳರೇಖೆಗಳ ನಡುವಿನ ಕೋನ ಬರುವಾಗ ಸೂತ್ರದಲ್ಲಿ ಡಾಟ್ ಪ್ರಾಡಕ್ಟ್‌ಗೆ ಮಾಡ್ಯುಲಸ್ ಹಾಕಿರುತ್ತಾರೆ, ಅಂದರೆ ಋಣ ಚಿಹ್ನೆ ಇದ್ದರೆ ತೆಗೆದುಹಾಕುತ್ತಾರೆ. ಕಾರಣ ಇದೇ: ಗೆರೆಗೆ ದಿಕ್ಕಿಲ್ಲ, ಅಲ್ಲಿ ಲಘುಕೋನವನ್ನೇ ಉತ್ತರವಾಗಿ ಬರೆಯುವುದು ರೂಢಿ. ಸದಿಶಗಳ ಪ್ರಶ್ನೆಯಲ್ಲಿ ಆ ಮಾಡ್ಯುಲಸ್ ಹಾಕಿಬಿಟ್ಟರೆ ವಿಶಾಲಕೋನಗಳೆಲ್ಲ ತಪ್ಪಾಗುತ್ತವೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಕಾಸ್ ಎಲ್ಲಿಂದ ಬಂತು. ಬಹಳಷ್ಟು ವಿದ್ಯಾರ್ಥಿಗಳು ಡಾಟ್ ಪ್ರಾಡಕ್ಟ್ ಸೂತ್ರವನ್ನು ತ್ರಿಕೋನಮಿತಿಯ ಹೊರಗಿನ ಹೊಸ ವಸ್ತು ಎಂದುಕೊಂಡು ಬಾಯಿಪಾಠ ಮಾಡುತ್ತಾರೆ. ನನಗೆ ಇದು ನಿಜವಾಗಿ ಬೇಸರ ತರಿಸುವ ಸಂಗತಿ, ಏಕೆಂದರೆ ಅದು ಹತ್ತನೇ ತರಗತಿಯ ಪೈಥಾಗೊರಸ್ ಪ್ರಮೇಯದಿಂದ ನಾಲ್ಕೇ ಹೆಜ್ಜೆ ದೂರದಲ್ಲಿದೆ. ನಿಮ್ಮ ಸಂಖ್ಯೆಗಳಲ್ಲೇ ನಡೆದು ನೋಡೋಣ.

ಮೊದಲ ಸದಿಶವನ್ನು ಅ ಎನ್ನೋಣ, ಎರಡನೆಯದನ್ನು ಬ. ಎರಡರ ತುದಿಗಳನ್ನು ಒಂದು ಗೆರೆಯಿಂದ ಸೇರಿಸಿದರೆ ತ್ರಿಕೋನ ಸಿದ್ಧ. ಅದರ ಮೂರನೇ ಬಾಹು ಬ − ಅ, ಅಂದರೆ (−9, 9). ಮೂರೂ ಬಾಹುಗಳ ಉದ್ದ ಪೈಥಾಗೊರಸ್‌ನಿಂದ ಸಿಗುತ್ತದೆ: ಅ ಉದ್ದದ ವರ್ಗ 16 + 9 = 25, ಬ ಉದ್ದದ ವರ್ಗ 25 + 144 = 169, ಮೂರನೆಯದರ ವರ್ಗ 81 + 81 = 162. ಅಂದರೆ ಅ ಉದ್ದ 5, ಬ ಉದ್ದ 13. ಮೂರು ಬಾಹು ಗೊತ್ತಿರುವ ತ್ರಿಕೋನದ ಕೋನ ಕಂಡುಹಿಡಿಯುವುದಕ್ಕೆ ಕೊಸೈನ್ ನಿಯಮ ಇದೆ (|ಅ| ಎಂದರೆ ಅ ಉದ್ದ, ಥೀಟಾ ಎಂದರೆ ಅ ಮತ್ತು ಬ ನಡುವಿನ ಕೋನ):

|ಬ − ಅ|² = |ಅ|² + |ಬ|² − 2 |ಅ| |ಬ| ಕಾಸ್ ಥೀಟಾ

ಸಂಖ್ಯೆ ಹಾಕಿ: 162 = 25 + 169 − 130 ಕಾಸ್ ಥೀಟಾ. ಆದ್ದರಿಂದ 130 ಕಾಸ್ ಥೀಟಾ = 32, ಕಾಸ್ ಥೀಟಾ = 32/130 = 16/65. ಡಾಟ್ ಪ್ರಾಡಕ್ಟ್‌ನ ಹೆಸರನ್ನೂ ಎತ್ತದೆ ಉತ್ತರ ಬಂತು. ಈಗ ಡಾಟ್ ಪ್ರಾಡಕ್ಟ್ ನೋಡಿ: 4 × (−5) + 3 × 12 = 16. ಮೇಲೆ ಬಂದ 32ರ ಸರಿಯಾಗಿ ಅರ್ಧ. ಇದು ಕಾಕತಾಳೀಯವಲ್ಲ. ಅ ಘಟಕಗಳನ್ನು ಅ₁, ಅ₂ ಎಂದೂ ಬ ಘಟಕಗಳನ್ನು ಬ₁, ಬ₂ ಎಂದೂ ಬರೆದು ಮೂರನೇ ಬಾಹುವಿನ ವರ್ಗವನ್ನು ಬಿಡಿಸಿದರೆ

(ಬ₁ − ಅ₁)² + (ಬ₂ − ಅ₂)² = |ಅ|² + |ಬ|² − 2(ಅ₁ಬ₁ + ಅ₂ಬ₂)

ಎಂದಾಗುತ್ತದೆ. ಇದನ್ನು ಕೊಸೈನ್ ನಿಯಮದ ಪಕ್ಕ ಇಟ್ಟು ನೋಡಿ. ಎಡಭಾಗ ಒಂದೇ, ಬಲಭಾಗದ ಮೊದಲೆರಡು ಪದಗಳೂ ಒಂದೇ. ಉಳಿದದ್ದು ಸಮವಾಗಲೇಬೇಕು:

ಅ₁ಬ₁ + ಅ₂ಬ₂ = |ಅ| |ಬ| ಕಾಸ್ ಥೀಟಾ

ಘಟಕಗಳನ್ನು ಗುಣಿಸಿ ಕೂಡಿಸುವ ಆ ವಿಚಿತ್ರ ಕ್ರಿಯೆ ವರ್ಗ ಬಿಡಿಸಿದಾಗ ಬರುವ ಅಡ್ಡ ಪದ, ಅಷ್ಟೇ. ಅದಕ್ಕೊಂದು ಹೆಸರು, ಒಂದು ಚುಕ್ಕೆ ಕೊಟ್ಟು ಸ್ವತಂತ್ರ ಗುಣಾಕಾರವಾಗಿ ನಿಲ್ಲಿಸಿದ್ದು ಬಹಳ ಈಚೆಗೆ. 1880ರ ದಶಕದಲ್ಲಿ ಅಮೆರಿಕದ ಯೇಲ್‌ನಲ್ಲಿ ಜೋಸಿಯಾ ವಿಲ್ಲರ್ಡ್ ಗಿಬ್ಸ್, ಇಂಗ್ಲೆಂಡಿನಲ್ಲಿ ಆಲಿವರ್ ಹೆವಿಸೈಡ್ ಇಂದಿನ ಸದಿಶ ಬೀಜಗಣಿತಕ್ಕೆ ರೂಪ ಕೊಟ್ಟರು. ಜ್ಯಾಮಿತಿ ಮಾತ್ರ ಎರಡು ಸಾವಿರ ವರ್ಷಕ್ಕೂ ಹಳೆಯದು.

ಕೊಸೈನ್ ನಿಯಮವನ್ನೇ ನಂಬುವುದು ಹೇಗೆ ಎಂದು ನೀವು ಕೇಳಿಲ್ಲ, ಆದರೂ ಅದನ್ನು ಬಿಟ್ಟರೆ ಉತ್ತರ ಅರ್ಧವಾಗುತ್ತದೆ. ಬ ತುದಿಯಿಂದ ಅ ಇರುವ ಗೆರೆಗೆ ಒಂದು ಲಂಬ ಇಳಿಸಿ. ಲಂಬದ ಬುಡ ಮೂಲಬಿಂದುವಿನಿಂದ |ಬ| ಕಾಸ್ ಥೀಟಾ ದೂರದಲ್ಲಿರುತ್ತದೆ. ಲಂಬದ ಎತ್ತರ |ಬ| ಸೈನ್ ಥೀಟಾ. ನಮ್ಮ ಲೆಕ್ಕದಲ್ಲಿ ಬುಡ 13 × 16/65 = 3.2 ದೂರದಲ್ಲಿದೆ, ಎತ್ತರ 12.6. ಅ ಉದ್ದ 5, ಆದ್ದರಿಂದ ಬುಡದಿಂದ ಅ ತುದಿಗೆ ಇರುವ ದೂರ 5 − 3.2 = 1.8. ಈಗ 1.8, 12.6 ಬಾಹುಗಳ ಲಂಬಕೋನ ತ್ರಿಕೋನದ ಕರ್ಣವೇ ನಮ್ಮ ಮೂರನೇ ಬಾಹು: 3.24 + 158.76 = 162. ಸರಿಹೋಯಿತು. ಅಕ್ಷರಗಳಲ್ಲಿ ಇದನ್ನೇ ಬರೆದು, ಸೈನ್ ವರ್ಗ ಮತ್ತು ಕಾಸ್ ವರ್ಗ ಕೂಡಿದರೆ 1 ಎಂದು ಬಳಸಿದರೆ ನಿಯಮ ಸಿದ್ಧವಾಗುತ್ತದೆ. ಒಮ್ಮೆ ಕೈಯಾರೆ ಮಾಡಿ ನೋಡಿ, ಐದು ಸಾಲು ಸಾಕು.

ಎರಡು ಆಯಾಮದಲ್ಲಿ ಇನ್ನೂ ಒಂದು ದಾರಿ ಇದೆ, ನಿಮ್ಮ ಮೊದಲನೇ ಪ್ರಯತ್ನಕ್ಕೆ ಅದು ಹತ್ತಿರದ ನೆಂಟ. ಅ ದಿಕ್ಕಿನ ಕೋನಕ್ಕೆ ಕಾಸ್ 4/5, ಸೈನ್ 3/5. ಬ ದಿಕ್ಕಿನದಕ್ಕೆ ಕಾಸ್ −5/13, ಸೈನ್ 12/13. ಕೋನಗಳ ವ್ಯತ್ಯಾಸದ ಕಾಸ್ ಎಂದರೆ ಕಾಸ್‌ಗಳ ಗುಣಲಬ್ಧ ಕೂಡಿಸು ಸೈನ್‌ಗಳ ಗುಣಲಬ್ಧ ಎಂದು ಪ್ರಥಮ ಪಿಯುಸಿಯಲ್ಲಿ ಕಲಿತಿದ್ದೀರಿ. ಅದರಂತೆ −20/65 + 36/65 = 16/65. ಡಾಟ್ ಪ್ರಾಡಕ್ಟ್ ಸೂತ್ರವೂ ಕಾಸ್ ವ್ಯತ್ಯಾಸ ಸೂತ್ರವೂ ಎರಡು ಆಯಾಮದಲ್ಲಿ ಒಂದೇ ಮಾತು. ಇಲ್ಲಿ ದಿಕ್ಕಿನ ಕೋನಗಳನ್ನು ಡಿಗ್ರಿಯಲ್ಲಿ ತೆಗೆಯುವ ಗೋಜೇ ಇಲ್ಲದ್ದರಿಂದ ಚಿಹ್ನೆ ಕಳೆದುಹೋಗುವ ಅಪಾಯವೂ ಇಲ್ಲ.

ಸೈನ್ ಯಾಕೆ ಆಗಬಾರದು? ನಿಮ್ಮದೇ ಜೋಡಿಯಲ್ಲಿ ಪ್ರಯತ್ನಿಸೋಣ. ಸೈನ್‌ಗೆ ಬೇಕಾದ್ದು ಅ₁ಬ₂ − ಅ₂ಬ₁, ಅಂದರೆ 4 × 12 − 3 × (−5) = 63. ಅದನ್ನು 65ರಿಂದ ಭಾಗಿಸಿದರೆ 0.9692, ಸೈನ್ ಇನ್ವರ್ಸ್ ಒತ್ತಿದರೆ 75.75°. ಸರಿಯಾಗಿಯೇ ಬಂತಲ್ಲ! ಇದೇ ಮೋಸ. ಈಗ ಬ ಬದಲಿಗೆ (−12, 5) ಇಟ್ಟು ನೋಡಿ. ಆಗ 4 × 5 − 3 × (−12) = 56, ಸೈನ್ = 56/65, ಕ್ಯಾಲ್ಕುಲೇಟರ್ 59.49° ಎನ್ನುತ್ತದೆ. ಡಾಟ್ ಪ್ರಾಡಕ್ಟ್ −48 + 15 = −33, ಕಾಸ್ = −33/65, ಕೋನ 120.51°. ಗ್ರಾಫ್ ಹಾಳೆಯಲ್ಲಿ ಕೋನಮಾಪಕ ಇಟ್ಟರೆ ಕಾಸ್ ಹೇಳಿದ್ದೇ ನಿಜ ಎಂದು ಕಾಣುತ್ತದೆ. 59.49° ಮತ್ತು 120.51° ಎರಡಕ್ಕೂ ಸೈನ್ ಒಂದೇ, ಹಾಗಾಗಿ ಸೈನ್ ಇನ್ವರ್ಸ್‌ಗೆ ಯಾವುದನ್ನು ಆರಿಸಬೇಕೋ ತಿಳಿಯದು. 0°ಯಿಂದ 180°ವರೆಗೆ ಕಾಸ್ ಮಾತ್ರ 1ರಿಂದ −1ರವರೆಗೆ ಎಲ್ಲೂ ತಿರುಗದೆ ಇಳಿಯುತ್ತಾ ಹೋಗುತ್ತದೆ. ಒಂದು ಬೆಲೆಗೆ ಒಂದೇ ಕೋನ. ಕಾಸ್‌ಗೆ ಈ ಪಟ್ಟ ಸಿಕ್ಕಿರುವುದು ಆ ಗುಣದಿಂದ.

ಅದಕ್ಕೇ ಡಾಟ್ ಪ್ರಾಡಕ್ಟ್‌ನ ಚಿಹ್ನೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಧನವಾದರೆ ಲಘುಕೋನ, ಸೊನ್ನೆಯಾದರೆ ಲಂಬಕೋನ, ಋಣವಾದರೆ ವಿಶಾಲಕೋನ. ಇನ್ವರ್ಸ್ ಒತ್ತುವ ಮೊದಲೇ ಉತ್ತರ ಯಾವ ಕಡೆ ಬೀಳಬೇಕೆಂದು ತಿಳಿಯುತ್ತದೆ. ನಿಮಗೆ 16 ಎಂಬ ಧನಸಂಖ್ಯೆ ಬಂದಿತ್ತು, ಹಾಗಾಗಿ 104.25° ಸಾಧ್ಯವೇ ಇರಲಿಲ್ಲ.

ಈ ಚಿಹ್ನೆಯ ಬೆಲೆ ತಿಳಿಯಬೇಕಾದರೆ ಯೂಕ್ಲಿಡ್‌ನ ಕಡೆ ಒಮ್ಮೆ ನೋಡಬೇಕು. ಅವನ ಎಲಿಮೆಂಟ್ಸ್ ಗ್ರಂಥದ ಎರಡನೇ ಭಾಗದಲ್ಲಿ ಕೊಸೈನ್ ನಿಯಮದ ಸಾರ ಆಗಲೇ ಇದೆ, ಆದರೆ ಎರಡು ಬೇರೆ ಬೇರೆ ಪ್ರಮೇಯಗಳಾಗಿ: 12ನೆಯದು ವಿಶಾಲಕೋನಕ್ಕೆ, 13ನೆಯದು ಲಘುಕೋನಕ್ಕೆ. ಒಂದರಲ್ಲಿ ಕಾಸ್ ಪದದ ಜಾಗದಲ್ಲಿ ಬರುವ ಆಯತವನ್ನು ಕೂಡಿಸಬೇಕು, ಇನ್ನೊಂದರಲ್ಲಿ ಕಳೆಯಬೇಕು. ಋಣಸಂಖ್ಯೆ ಇಲ್ಲದ ಜ್ಯಾಮಿತಿಯಲ್ಲಿ ಬೇರೆ ದಾರಿಯಿರಲಿಲ್ಲ. ನಮ್ಮ ಎರಡನೇ ಜೋಡಿಯಲ್ಲಿ ಲಂಬದ ಬುಡ ಮೂಲಬಿಂದುವಿನ ಹಿಂದೆ, −6.6ರಲ್ಲಿ ಬೀಳುತ್ತದೆ. ಆದ್ದರಿಂದ 5 − (−6.6) = 11.6. ಎತ್ತರ 11.2. ವರ್ಗಗಳ ಮೊತ್ತ 134.56 + 125.44 = 260. ತುದಿಗಳ ನಡುವಿನ ಸದಿಶ (−16, 2), ಅದರ ಉದ್ದದ ವರ್ಗವೂ 256 + 4 = 260. ಯೂಕ್ಲಿಡ್‌ಗೆ ಎರಡು ಪ್ರಮೇಯ ಬೇಕಾದ ಕಡೆ ಕಾಸ್‌ನ ಋಣಚಿಹ್ನೆ ಒಂದೇ ಸೂತ್ರದಲ್ಲಿ ಕೆಲಸ ಮುಗಿಸುತ್ತದೆ.

ಇಲ್ಲಿ ಒಂದು ಸೊಗಸು ಗಮನಿಸದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಮೊದಲ ಜೋಡಿಯಲ್ಲಿ 16, 63, 65 ಬಂದವು. 16² + 63² = 256 + 3969 = 4225 = 65². ಎರಡನೆಯದರಲ್ಲಿ 33, 56, 65. ಅಲ್ಲೂ 1089 + 3136 = 4225. ಸೈನ್ ವರ್ಗ ಮತ್ತು ಕಾಸ್ ವರ್ಗ ಕೂಡಿದರೆ 1 ಎಂಬುದೇ ಇಲ್ಲಿ ಪೂರ್ಣಾಂಕಗಳ ವೇಷದಲ್ಲಿ ಬಂದಿದೆ: ಎರಡು ವರ್ಗಗಳ ಮೊತ್ತವನ್ನು ಮತ್ತೆ ಎರಡು ವರ್ಗಗಳ ಮೊತ್ತದಿಂದ ಗುಣಿಸಿದರೆ ಬರುವುದೂ ಎರಡು ವರ್ಗಗಳ ಮೊತ್ತವೇ. ಇದಕ್ಕಿಂತಲೂ ವ್ಯಾಪಕವಾದ ನಿಯಮವನ್ನು ಏಳನೇ ಶತಮಾನದಲ್ಲಿ ಬ್ರಹ್ಮಗುಪ್ತ ಕೊಟ್ಟಿದ್ದ. ಭಾರತೀಯ ಗಣಿತದಲ್ಲಿ ಅದು ಭಾವನಾ ಎಂದು ಹೆಸರಾಗಿದೆ. 3, 4, 5 ಮತ್ತು 5, 12, 13 ಎಂಬ ಎರಡು ಪರಿಚಿತ ತ್ರಿಕೋನಗಳನ್ನು ಸದಿಶಗಳಾಗಿ ಇಟ್ಟರೆ, ಅವುಗಳ ನಡುವಿನ ಕೋನದಿಂದ ಹೊಸ ಪೂರ್ಣಾಂಕ ತ್ರಿಕೋನಗಳು ತಾವಾಗಿ ಹುಟ್ಟುತ್ತವೆ.

ಪರೀಕ್ಷೆಯ ವಿಷಯವನ್ನು ಚುಟುಕಾಗಿ ಮುಗಿಸುತ್ತೇನೆ. ಕ್ಯಾಲ್ಕುಲೇಟರ್ ಇಲ್ಲದ ಕಡೆ ಕಾಸ್ ಇನ್ವರ್ಸ್ 16/65 ಎಂದು ಬಿಟ್ಟರೆ ಅದೇ ಪೂರ್ಣ ಉತ್ತರ. ತ್ರಿಕೋನದ ಶೃಂಗಗಳನ್ನು ಕೊಟ್ಟು ಒಂದು ಕೋನ ಕೇಳಿದಾಗ ಎರಡೂ ಸದಿಶಗಳು ಆ ಶೃಂಗದಿಂದ ಹೊರಟಿರಬೇಕು. ಪ, ಫ, ಮ ಎಂಬ ತ್ರಿಕೋನದಲ್ಲಿ ಫ ಕೋನ ಬೇಕಾದರೆ ಫಪ ಮತ್ತು ಫಮ. ಪಫ ಮತ್ತು ಫಮ ತೆಗೆದುಕೊಂಡರೆ ಸಮಬಾಹು ತ್ರಿಕೋನದಲ್ಲೂ 60° ಬದಲು 120° ಬರುತ್ತದೆ. ಬಾಲಕ್ಕೆ ಬಾಲ ಸೇರಿಸಿದ ಮೇಲೆಯೇ ಕೋನ ಅಳೆಯುವುದು.

ಮೂರು ಆಯಾಮಕ್ಕೆ ಬರೋಣ. ಚಿತ್ರ ಬರೆಯಲಾಗದು ಎಂದಿರಿ, ಆದರೆ ಇಲ್ಲೂ ಬೇಕಾದ ಚಿತ್ರ ಒಂದು ಚಪ್ಪಟೆ ತ್ರಿಕೋನವೇ. ಒಂದೇ ಬಿಂದುವಿನಿಂದ ಹೊರಟ ಎರಡು ಬಾಣಗಳು ಎಷ್ಟೇ ಓರೆಯಾಗಿರಲಿ, ಅವೆರಡನ್ನೂ ಒಳಗೊಳ್ಳುವ ಒಂದು ಸಮತಲ ಇದ್ದೇ ಇರುತ್ತದೆ. ಆ ಸಮತಲದಲ್ಲಿ ಕೊಸೈನ್ ನಿಯಮ ಹಾಗೆಯೇ ನಿಲ್ಲುತ್ತದೆ. ಉದ್ದದ ವರ್ಗಕ್ಕೆ ಮೂರನೇ ಘಟಕದ ವರ್ಗವೂ ಸೇರುವುದರಿಂದ ಅಡ್ಡ ಪದದಲ್ಲಿ ಅ₃ಬ₃ ಕೂಡ ಬರುತ್ತದೆ. ಬದಲಾಗುವುದು ಇಷ್ಟೇ. ಆದರೆ ನಿಮ್ಮ ಮೊದಲನೇ ದಾರಿ ಇಲ್ಲಿ ಮುರಿದುಬೀಳುತ್ತದೆ, ಏಕೆಂದರೆ ಮೂರು ಆಯಾಮದಲ್ಲಿ ಒಂದು ಬಾಣದ ದಿಕ್ಕನ್ನು ಒಂದೇ ಕೋನದಿಂದ ಹೇಳಲು ಬರುವುದಿಲ್ಲ, ಹಾಗಿರುವಾಗ ಯಾವುದರಿಂದ ಯಾವುದನ್ನು ಕಳೆಯುವುದು?

ಒಂದು ಲೆಕ್ಕ ಮಾಡಿ: (1, 1, −1) ಮತ್ತು (1, −1, 1). ಡಾಟ್ ಪ್ರಾಡಕ್ಟ್ 1 − 1 − 1 = −1. ಉದ್ದ ಎರಡಕ್ಕೂ √3. ಕಾಸ್ = −1/3, ಕೋನ 109.47°. ಡಿಗ್ರಿ, ಮಿನಿಟಿನಲ್ಲಿ ಬರೆದರೆ 109°28′. ಈ ಸಂಖ್ಯೆಯನ್ನು ನೀವು ಗಣಿತದ ತರಗತಿಯಲ್ಲಲ್ಲ, ರಸಾಯನಶಾಸ್ತ್ರದಲ್ಲಿ ನೋಡಿದ್ದೀರಿ. ಮೀಥೇನ್ ಅಣುವಿನಲ್ಲಿ ಕಾರ್ಬನ್‌ಗೆ ಅಂಟಿದ ಯಾವುದೇ ಎರಡು ಹೈಡ್ರೋಜನ್‌ಗಳ ನಡುವಿನ ಕೋನ ಅದು. ಒಂದು ಘನದ ನಡುವೆ ಕಾರ್ಬನ್ ಇಟ್ಟು, ಒಂದು ಬಿಟ್ಟು ಒಂದರಂತೆ ನಾಲ್ಕು ಮೂಲೆಗಳಲ್ಲಿ ಹೈಡ್ರೋಜನ್ ಇಟ್ಟರೆ ಮೀಥೇನ್ ಆಕಾರ ಸಿಗುತ್ತದೆ. ಮೇಲಿನ ಎರಡು ಸದಿಶಗಳು ಅಂಥ ಎರಡು ಮೂಲೆಗಳು.

ಮೂಲೆಗಳ ಘಟಕ ಗೊತ್ತಿಲ್ಲದೆಯೂ ಇದೇ ಉತ್ತರ ತೆಗೆಯಬಹುದು, ನನಗೆ ಬಹಳ ಇಷ್ಟವಾದ ಲೆಕ್ಕ ಇದು. ಕಾರ್ಬನ್‌ನಿಂದ ನಾಲ್ಕು ಕಡೆಗೆ ಹೊರಟ ನಾಲ್ಕು ಏಕಮಾನ ಸದಿಶಗಳು (ಉದ್ದ 1 ಇರುವವು) ಪೂರ್ತಿ ಸಮತೋಲದಲ್ಲಿವೆ, ಅವುಗಳ ಮೊತ್ತ ಸೊನ್ನೆ. ಆ ಮೊತ್ತಕ್ಕೂ ಮೊದಲನೇ ಸದಿಶಕ್ಕೂ ಡಾಟ್ ಪ್ರಾಡಕ್ಟ್ ಹಾಕಿ. ತನ್ನೊಂದಿಗೆ ತಾನು ಗುಣಿಸಿದರೆ 1, ಉಳಿದ ಮೂರರೊಂದಿಗೆ ತಲಾ ಕಾಸ್ ಥೀಟಾ. ಆದ್ದರಿಂದ 1 + 3 ಕಾಸ್ ಥೀಟಾ = 0. ಕಾಸ್ ಥೀಟಾ = −1/3. ಒಂದೇ ಸಾಲಿನಲ್ಲಿ ಮುಗಿಯಿತು. ಇದೇ ಉಪಾಯವನ್ನು ಸಮತಲದಲ್ಲಿ ಮೂರು ಸದಿಶಗಳಿಗೆ ಹಾಕಿದರೆ 1 + 2 ಕಾಸ್ ಥೀಟಾ = 0, ಅಂದರೆ 120°.

ಇನ್ನೊಂದು ದೊಡ್ಡ ಉದಾಹರಣೆ. ಬೆಂಗಳೂರಿನಿಂದ ಲಂಡನ್ನಿಗೆ ಭೂಮಿಯ ಮೇಲ್ಮೈ ಮೇಲೆ ಅತಿ ಹತ್ತಿರದ ದೂರ ಎಷ್ಟು? ಭೂಮಿಯ ಕೇಂದ್ರದಿಂದ ಎರಡೂ ನಗರಗಳಿಗೆ ಬಾಣ ಎಳೆದರೆ ಇದು ಎರಡು ಸದಿಶಗಳ ನಡುವಿನ ಕೋನದ ಪ್ರಶ್ನೆಯೇ. ಅಕ್ಷಾಂಶ, ರೇಖಾಂಶಗಳಿಂದ ಏಕಮಾನ ಸದಿಶ ಮಾಡುವುದು ಹೀಗೆ: ಮೊದಲ ಘಟಕ ಅಕ್ಷಾಂಶದ ಕಾಸ್ ಗುಣಿಸು ರೇಖಾಂಶದ ಕಾಸ್, ಎರಡನೆಯದು ಅಕ್ಷಾಂಶದ ಕಾಸ್ ಗುಣಿಸು ರೇಖಾಂಶದ ಸೈನ್, ಮೂರನೆಯದು ಅಕ್ಷಾಂಶದ ಸೈನ್. ಬೆಂಗಳೂರು 12.97° ಉತ್ತರ, 77.59° ಪೂರ್ವ. ಅದರ ಸದಿಶ (0.2094, 0.9517, 0.2244). ಲಂಡನ್ 51.51° ಉತ್ತರ, 0.13° ಪಶ್ಚಿಮ. ಪಶ್ಚಿಮ ರೇಖಾಂಶ ಋಣ, ಆದ್ದರಿಂದ (0.6224, −0.0014, 0.7827). ಗುಣಿಸಿ ಕೂಡಿಸಿದರೆ 0.1303 − 0.0013 + 0.1756 = 0.3046. ಏಕಮಾನ ಸದಿಶಗಳಾದ್ದರಿಂದ ಭಾಗಿಸುವ ಕೆಲಸವಿಲ್ಲ, ಇದೇ ಕಾಸ್. ಕೋನ ಸುಮಾರು 72.26°, ರೇಡಿಯನ್‌ನಲ್ಲಿ 1.261. ಭೂಮಿಯ ಸರಾಸರಿ ತ್ರಿಜ್ಯ 6371 ಕಿ.ಮೀ.ನಿಂದ ಗುಣಿಸಿದರೆ ಸುಮಾರು 8035 ಕಿ.ಮೀ. ಭೂಮಿಯನ್ನು ಪೂರ್ಣಗೋಳ ಎಂದುಕೊಂಡ ಲೆಕ್ಕ ಇದು. ನಿಜವಾದ ಭೂಮಿ ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ, ಹಾಗಾಗಿ ಕೊಂಚ ವ್ಯತ್ಯಾಸ ಇರುತ್ತದೆ.

ಇಷ್ಟೆಲ್ಲ ಹೊಗಳಿದ ಕಾಸ್‌ಗೆ ಒಂದು ದೌರ್ಬಲ್ಯವೂ ಇದೆ. ನೀವು ಮುಂದೆ ಎಂಜಿನಿಯರಿಂಗ್‌ಗೋ ಕಂಪ್ಯೂಟರ್ ಕಡೆಗೋ ಹೋಗುವವರಾದರೆ ಇದು ಈಗಲೇ ತಿಳಿದಿರಲಿ. ಕೋನ ಬಹಳ ಸಣ್ಣದಾದಾಗ ಕಾಸ್ 1ರ ಹತ್ತಿರ ಸಮತಟ್ಟಾಗಿಬಿಡುತ್ತದೆ. ಒಂದೇ ರಸ್ತೆಯಲ್ಲಿ 100 ಮೀಟರ್ ಅಂತರದ ಎರಡು ಬಸ್ ನಿಲ್ದಾಣಗಳನ್ನು ತೆಗೆದುಕೊಳ್ಳಿ. ಭೂಮಿಯ ಕೇಂದ್ರದಲ್ಲಿ ಅವುಗಳ ನಡುವಿನ ಕೋನ ಸುಮಾರು 0.0009°. ಅದರ ಕಾಸ್ 0.9999999998ಕ್ಕಿಂತಲೂ 1ಕ್ಕೆ ಹತ್ತಿರ. ಸುಮಾರು ಏಳು ಅಂಕಿಗಳ ನಿಖರತೆಯ 32 ಬಿಟ್ ಸಂಖ್ಯೆಗಳಲ್ಲಿ ಅದು 1 ಎಂದೇ ದುಂಡಾಗುತ್ತದೆ, ಕಾಸ್ ಇನ್ವರ್ಸ್ ಸೊನ್ನೆ ಕೊಡುತ್ತದೆ, ದೂರ ಮಾಯವಾಗುತ್ತದೆ. ಇನ್ನೂ ಕಿರಿಕಿರಿಯೆಂದರೆ, ದುಂಡು ಮಾಡುವ ತಪ್ಪಿನಿಂದ ಭಾಗಾಕಾರ 1.0000001 ಎಂದು ಬಂದರೆ ಅಂಥ ಕಾಸ್ ಇರುವ ಕೋನವೇ ಇಲ್ಲ, ಪ್ರೋಗ್ರಾಂ ಅಲ್ಲೇ ದೋಷ ಹೇಳಿ ನಿಲ್ಲಬಹುದು. 180°ಯ ಹತ್ತಿರವೂ ಇದೇ ಪಾಡು.

ಇದಕ್ಕೆ ಪರಿಹಾರ ನೀವು ಮೊದಲು ಹಿಡಿದ ಟ್ಯಾನ್‌ನಲ್ಲೇ ಇದೆ, ಸರಿಯಾಗಿ ಬಳಸಿದರೆ. ಸೈನ್ ಕೊಡುವ 63 ಮತ್ತು ಕಾಸ್ ಕೊಡುವ 16 ಎರಡನ್ನೂ ಇಟ್ಟುಕೊಳ್ಳಿ. ಎರಡರ ಕೆಳಗೂ ಅದೇ 65 ಇರುವುದರಿಂದ ಟ್ಯಾನ್ ಥೀಟಾ = 63/16, ಉದ್ದಗಳ ವರ್ಗಮೂಲ ತೆಗೆಯುವ ಅಗತ್ಯವೂ ಇಲ್ಲ. ಭಾಗಿಸಿದರೆ ಚಿಹ್ನೆ ಕಳೆದುಹೋಗುತ್ತದೆ ಎಂದೆನಲ್ಲ, ಅದಕ್ಕೇ ಕಂಪ್ಯೂಟರ್ ಭಾಷೆಗಳಲ್ಲಿ ಎಟ್ಯಾನ್2 ಎಂಬ ಫಂಕ್ಷನ್ ಇದೆ. ಅದು ಎರಡು ಸಂಖ್ಯೆಗಳನ್ನು ಬೇರೆ ಬೇರೆಯಾಗಿಯೇ ತೆಗೆದುಕೊಂಡು, ಎರಡರ ಚಿಹ್ನೆಯನ್ನೂ ನೋಡಿ, ಸರಿಯಾದ ಭಾಗದ ಕೋನ ಕೊಡುತ್ತದೆ. ನಿಮ್ಮ ಮೊದಲನೇ ಹಂತದಲ್ಲಿ 12 ಮತ್ತು −5 ಅನ್ನು ಇದಕ್ಕೆ ಕೊಟ್ಟಿದ್ದರೆ ನೇರವಾಗಿ 112.62° ಬರುತ್ತಿತ್ತು.

ಮೂರು ಆಯಾಮದಲ್ಲಿ 63ರ ಜಾಗಕ್ಕೆ ಕ್ರಾಸ್ ಪ್ರಾಡಕ್ಟ್‌ನ (ಎರಡು ಸದಿಶಗಳಿಂದ ಮೂರನೇ ಸದಿಶ ಕೊಡುವ ಗುಣಾಕಾರದ) ಉದ್ದ ಬರುತ್ತದೆ. ಮೀಥೇನ್ ಜೋಡಿಗೆ ಕ್ರಾಸ್ ಪ್ರಾಡಕ್ಟ್ (0, −2, −2), ಅದರ ಉದ್ದ √8, ಅಂದರೆ 2.828. ಡಾಟ್ ಪ್ರಾಡಕ್ಟ್ −1. ಇವೆರಡನ್ನು ಎಟ್ಯಾನ್2ಗೆ ಕೊಟ್ಟರೆ 109.47°. ಬರೀ ಸೈನ್ ನಂಬಿದ್ದರೆ 70.53° ಎಂದು ಬರುತ್ತಿತ್ತು. ಕ್ರಾಸ್ ಪ್ರಾಡಕ್ಟ್‌ನ ಉದ್ದ ಎಂದೂ ಋಣವಾಗದ್ದರಿಂದ ಉತ್ತರ ತಾನಾಗಿ 0° ಮತ್ತು 180° ನಡುವೆ ಇರುತ್ತದೆ. ಸಣ್ಣ ಕೋನಕ್ಕೂ ಇದು ಕೈಕೊಡದು, ಏಕೆಂದರೆ ಕಾಸ್ ಸಮತಟ್ಟಾಗುವ ಜಾಗದಲ್ಲೇ ಸೈನ್ ಅತಿ ಚುರುಕಾಗಿ ಬದಲಾಗುತ್ತದೆ.

ಎಕ್ಸೆಲ್‌ನಲ್ಲಿ ಮಾಡುವುದಾದರೆ ಕ್ರಮ ನೋಡಿಕೊಳ್ಳಿ: ಅಲ್ಲಿ ಎಟ್ಯಾನ್2ಗೆ ಮೊದಲು 16, ಆಮೇಲೆ 63. ಪೈಥಾನ್‌ನಲ್ಲಿ ಮೊದಲು 63, ಆಮೇಲೆ 16. ತಿರುವುಮುರುವಾದರೆ 14.25° ಬರುತ್ತದೆ. ಎರಡು ಕಡೆಯೂ ಉತ್ತರ ರೇಡಿಯನ್‌ನಲ್ಲಿರುತ್ತದೆ, 1.322 ಎಂದು ಕಾಣುತ್ತದೆ. ಅದನ್ನು 57.2958ರಿಂದ ಗುಣಿಸಿದರೆ ನಿಮ್ಮ 75.75°.